ಎಂಟನೇ ಕ್ಲಾಸಿನ ಒಂದು ಪುಟ: ಇಂಗ್ಲಿಷ್ ತಪ್ಪುಗಳ ಬೇರು ಹುಡುಕಿದ ಪ್ರಕರಣ

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. ಕನ್ನಡ ಮಾಧ್ಯಮ. ಸುತ್ತಮುತ್ತಲ ಹಳ್ಳಿಗಳಲ್ಲಿ ಏಳನೇ ಕ್ಲಾಸು ಮುಗಿಸಿದ ಮಕ್ಕಳು ಎಂಟಕ್ಕೆ ಇಲ್ಲಿಗೆ ಬರುತ್ತಾರೆ. ನಾನು ಇಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯ. ಅಂದರೆ ನಮ್ಮಲ್ಲಿಗೆ ಬರುವ ಮಗು ಆಗಲೇ ಏಳು ವರ್ಷ ಇಂಗ್ಲಿಷ್ ಪಾಠ ಕೇಳಿರುತ್ತದೆ. ಪದಗಳು ಬರುತ್ತವೆ, ಪದ್ಯ ಬಾಯಿಗೆ ಬರುತ್ತದೆ, ಪ್ರಶ್ನೋತ್ತರ ನೋಡಿಕೊಂಡು ಬರೆಯಲೂ ಬರುತ್ತದೆ. ಸ್ವಂತವಾಗಿ ನಾಲ್ಕು ಸಾಲು ಬರೆ ಅಂದರೆ ಮಾತ್ರ ಕೈ ನಿಲ್ಲುತ್ತದೆ.

ಶಾಲೆ ಶುರುವಾದ ಹೊಸದರಲ್ಲಿ ಎಲ್ಲರಿಗೂ 'ನನ್ನ ಮನೆ' ಅಂತ ಒಂದು ಪುಟ ಬರೆಯಲು ಹೇಳಿದ್ದೆ. ಈ ಬರಹ ಅದರಲ್ಲಿ ಒಬ್ಬ ಹುಡುಗಿ ಬರೆದ ಪುಟದ ಬಗ್ಗೆ. ಅವಳು ಬರೆದದ್ದನ್ನು ಕನ್ನಡ ಅಕ್ಷರದಲ್ಲಿ ಹಾಗೆಯೇ ಕೊಡುತ್ತೇನೆ:

"ಮೈ ಫಾದರ್ ಆರ್ ಫಾರ್ಮರ್ ದೇ ಗೆಟಪ್ ಫೈವ್ ಓಕ್ಲಾಕ್ ಕೌ ಮಿಲ್ಕ್ ಡೈರಿ ಪುಟ್ ಕಮ್ ವಿ ಹ್ಯಾವ್ ಟು ಕೌಸ್ ಮಿ ಒನ್ ಬ್ರದರ್ ದೇರ್ ಅವರ್ ಔಸ್ ನಿಯರ್ ಟೆಂಪಲ್ ಐ ಗೋ ಇಸ್ಕೂಲ್ ಬೈ ವಾಕ್."

ಫುಲ್‌ಸ್ಟಾಪ್ ಇದ್ದದ್ದು ಕೊನೆಯಲ್ಲಿ ಒಂದೇ. ಕ್ಯಾಪಿಟಲ್ ಇದ್ದದ್ದು ಮೊದಲ ಪದಕ್ಕೆ, ಆಮೇಲೆ ಬ್ರದರ್ ಅನ್ನುವುದರ ಬಿ ಅಕ್ಷರಕ್ಕೆ. ನಾನು ಅನ್ನುವ ಐ ಸಣ್ಣದು. 'ಟು ಕೌಸ್' ಅನ್ನುವಲ್ಲಿ ಟು ಅಂದರೆ ಟಿ-ಒ. ಮನೆ ಅಂದರೆ ಒ-ಯು-ಎಸ್. ಶಾಲೆ ಅಂದರೆ ಐ-ಎಸ್-ಕೆ-ಯು-ಎಲ್.

ಇಂಥ ಪುಟಕ್ಕೆ ಕೆಂಪು ಪೆನ್ನು ಹಿಡಿದರೆ ಉಳಿಯುವ ಪದಗಳೇ ಕಡಿಮೆ. ಮಕ್ಕಳು ತಂದಿದ್ದ ಹಳೇ ನೋಟ್‌ಬುಕ್‌ಗಳು ಹಾಗೇ ಇದ್ದವು. ಪುಟದ ತುಂಬಾ ಕೆಂಪು, ಅದರ ಕೆಳಗೆ ಸರಿಯಾದ ವಾಕ್ಯ ಮೂರು ಸಲ, ಮುಂದಿನ ಪುಟದಲ್ಲಿ ಮತ್ತೆ ಅದೇ ತಪ್ಪು. ತಿದ್ದಿದವರು ಕಷ್ಟಪಟ್ಟೇ ತಿದ್ದಿದ್ದಾರೆ. ಮಕ್ಕಳೂ ಕಷ್ಟಪಟ್ಟೇ ಬರೆದಿದ್ದಾರೆ. ಇಷ್ಟೆಲ್ಲ ಆದರೂ ಏನೂ ಬದಲಾಗಿಲ್ಲ ಅಂದರೆ, ತಪ್ಪು ಎಲ್ಲಿಂದ ಬರುತ್ತಿದೆ ಅಂತ ಯಾರೂ ಕೇಳಿಲ್ಲ ಅಂತಲೇ ಅರ್ಥ.

ಕೇಳೋಣ ಅಂತ ಊಟದ ಬಿಡುವಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಇದನ್ನೇ ಕನ್ನಡದಲ್ಲಿ ಹೇಳು" ಅಂದೆ. ಒಂದೇ ಉಸಿರಿಗೆ ಹೇಳಿದಳು: "ನಮ್ಮಪ್ಪ ರೈತ್ರು ಮಿಸ್. ಐದ್ ಗಂಟ್ಗೆ ಎದ್ದು, ಆಲು ಕರ್ದು, ಡೈರಿಗೆ ಆಕ್ಬುಟ್ಟು ಬತ್ತಾರೆ."

ಅವಳ ಪುಟದ ಅರ್ಧ ತಪ್ಪುಗಳು ಈ ಎರಡು ವಾಕ್ಯದಲ್ಲೇ ಇವೆ.

ಕನ್ನಡದಲ್ಲಿ 'ನಮ್ಮಪ್ಪ ರೈತರು' ಅಂದರೆ ವಾಕ್ಯ ಪೂರ್ತಿ ಆಯಿತು, ಕ್ರಿಯಾಪದವೇ ಬೇಡ. 'ನಮ್ಮನೆ ದೇವಸ್ಥಾನದ ಹತ್ರ' ಅಂದರೂ ಅಷ್ಟೇ. ಅವಳ 'ಅವರ್ ಔಸ್ ನಿಯರ್ ಟೆಂಪಲ್' ಅದರ ಪಡಿಯಚ್ಚು. 'ಈಸ್' ಮರೆತಳು ಅನ್ನುವ ಹಾಗೇ ಇಲ್ಲ, ಅವಳ ಮನಸ್ಸಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. 'ನನಗೆ ಒಬ್ಬ ತಮ್ಮ ಇದ್ದಾನೆ' ಅನ್ನುವುದು 'ಮಿ ಒನ್ ಬ್ರದರ್ ದೇರ್' ಆಯಿತು. ಇನ್ನು 'ಎದ್ದು, ಕರೆದು, ಹಾಕಿ, ಬರುತ್ತಾರೆ'. ಎಷ್ಟು ಕೆಲಸ ಬೇಕಾದರೂ ಪೋಣಿಸಿಕೊಂಡು ಹೋಗಿ ಕೊನೆಗೆ ಒಂದೇ ಪೂರ್ತಿ ಕ್ರಿಯಾಪದ ಇಡಬಹುದು. ಅವಳ ಇಂಗ್ಲಿಷಿನಲ್ಲಿ 'ಕಮ್' ಕೊನೆಗೆ ಬಂದು ಕೂತಿರುವುದು ಆ 'ಬತ್ತಾರೆ'ಯೇ.

ಅಪ್ಪನಿಗೆ 'ಆರ್' ಮತ್ತು 'ದೇ' ಯಾಕೆ ಅಂತ ಕೇಳಿದೆ. ಸ್ವಲ್ಪ ಗಾಬರಿಯಲ್ಲೇ ಹೇಳಿದಳು: "ಅಪ್ಪನ್ನ ಅವ್ನು ಅನ್ನಕ್ಕಾಯ್ತದಾ ಮಿಸ್?"

ಏಕವಚನ ಬಹುವಚನ ಅವಳಿಗೆ ಚೆನ್ನಾಗಿ ಗೊತ್ತು. ತಮ್ಮನ ಬಗ್ಗೆ ಇನ್ನೊಂದು ಕಡೆ ಬರೆಯುವಾಗ 'ಹಿ' ಅಂತಲೇ ಬರೆದಿದ್ದಳು. ಅಪ್ಪ, ಅಜ್ಜಿ, ಮೇಷ್ಟ್ರು, ಇವರಿಗೆಲ್ಲ 'ದೇ'. ಕನ್ನಡದ ಮರ್ಯಾದೆಯನ್ನು ಇಂಗ್ಲಿಷಿಗೂ ಒಯ್ದಿದ್ದಳು. ಇದನ್ನು ಅಡ್ಡಗೆರೆ ಹೊಡೆದು 'ಈಸ್' ಅಂತ ಬರೆದುಕೊಟ್ಟರೆ ಅವಳಿಗೆ ಸಿಗುವುದು ಏನು? ಅಪ್ಪನಿಗೆ ಮರ್ಯಾದೆ ಕೊಟ್ಟದ್ದಕ್ಕೆ ಕೆಂಪು ಗೆರೆ, ಅಷ್ಟೇ ಅಲ್ವಾ?

ಈ ತರಹ ಕೂತು ಕೇಳಿದ ಮೇಲೆ ಇಡೀ ಕ್ಲಾಸಿನ ಪುಟಗಳನ್ನು ಮತ್ತೆ ಓದಿದೆ. ಈ ಸಲ ತಿದ್ದುವುದಕ್ಕೆ ಅಲ್ಲ, ಬೇರೆ ಬೇರೆ ಮಾಡುವುದಕ್ಕೆ. ಭಾಷಾ ಕಲಿಕೆಯ ಬಗ್ಗೆ ಕೆಲಸ ಮಾಡಿದ ಪಿಟ್ ಕಾರ್ಡರ್ 1967ರಲ್ಲೇ ಒಂದು ಮಾತು ಹೇಳಿದ್ದರು. ಕೈತಪ್ಪಿ ಆಗುವ ತಪ್ಪು ಬೇರೆ, ಕಲಿಯುವವರ ತಲೆಯಲ್ಲಿರುವ ನಿಯಮದಿಂದಲೇ ಹುಟ್ಟುವ ತಪ್ಪು ಬೇರೆ. ಎರಡನೆಯದು ಮಗು ಎಲ್ಲಿಯವರೆಗೆ ಬಂದಿದೆ ಅಂತ ಮೇಷ್ಟ್ರಿಗೆ ತೋರಿಸುತ್ತದೆ. ನಮ್ಮ ಮಕ್ಕಳ ಪುಟಗಳಲ್ಲಿ ಎರಡನೇ ಬಗೆಯವೇ ಜಾಸ್ತಿ ಇದ್ದವು. ಮತ್ತು ಆ ನಿಯಮಗಳಲ್ಲಿ ಬಹುಪಾಲು ಕನ್ನಡದ ನಿಯಮಗಳು.

ಕ್ಯಾಪಿಟಲ್ ಅಕ್ಷರದ ಗೊಂದಲ

ಮೊದಲು ಹಿಡಿದದ್ದು ಇದನ್ನು. ಸುಲಭ ಅಂತ ಎಲ್ಲರೂ ತಿಳಿದಿರುತ್ತಾರೆ. ನಿಜವಾಗಿ ಇದರ ಒಳಗೆ ಮೂರು ಬೇರೆ ಬೇರೆ ತೊಂದರೆಗಳಿದ್ದವು.

ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅಂತ ಇಲ್ಲ. ಹಿಂದಿಯ ದೇವನಾಗರಿಯಲ್ಲೂ ಇಲ್ಲ. ಅಂದರೆ ನಮ್ಮ ಮಕ್ಕಳು ಕಲಿಯುವ ಮೂರು ಭಾಷೆಗಳಲ್ಲಿ ಎರಡಕ್ಕೆ ಈ ಏರ್ಪಾಡೇ ಗೊತ್ತಿಲ್ಲ. ಜೊತೆಗೆ ಹಳ್ಳಿಯಲ್ಲಿ ಕಣ್ಣಿಗೆ ಬೀಳುವ ಇಂಗ್ಲಿಷ್ ನೋಡಿ: ಅಂಗಡಿ ಬೋರ್ಡು, ಗೊಬ್ಬರದ ಚೀಲ, ಟ್ರ್ಯಾಕ್ಟರ್ ಮೇಲಿನ ಹೆಸರು, ಅಂಕಪಟ್ಟಿ. ಬಹುತೇಕ ಎಲ್ಲವೂ ಪೂರ್ತಿ ಕ್ಯಾಪಿಟಲ್. ಸಣ್ಣಕ್ಷರದಲ್ಲಿ ಬರೆದ ಇಂಗ್ಲಿಷ್ ವಾಕ್ಯ ಪಠ್ಯಪುಸ್ತಕ ಬಿಟ್ಟರೆ ಇನ್ನೆಲ್ಲೂ ಅವರಿಗೆ ಸಿಗುವುದಿಲ್ಲ.

ಎರಡನೆಯದು ಕೈಬರಹದ್ದು. 'ಬ್ರದರ್' ಪದದಲ್ಲಿ ದೊಡ್ಡ ಬಿ ಯಾಕೆ ಬಂತು? ಸಣ್ಣ ಬಿ ಮತ್ತು ಸಣ್ಣ ಡಿ ಅದಲುಬದಲಾಗುತ್ತವೆ ಅನ್ನುವ ಭಯ. ದೊಡ್ಡದಾಗಿ ಬರೆದರೆ ಗೊಂದಲವಿಲ್ಲ. ಇದನ್ನು ಅವಳೇ ಹೇಳಿದಳು; ಆಮೇಲೆ ಇನ್ನೂ ಹಲವರು "ನಾನೂ ಅದಕ್ಕೇ ಮಿಸ್" ಅಂದರು. ಸಿ, ಒ, ಎಸ್, ವಿ, ಡಬ್ಲ್ಯು, ಎಕ್ಸ್, ಝಡ್ ಅಕ್ಷರಗಳ ಕಥೆ ಬೇರೆ. ಇವುಗಳ ಆಕಾರ ಎರಡರಲ್ಲೂ ಒಂದೇ, ಗಾತ್ರವಷ್ಟೇ ವ್ಯತ್ಯಾಸ. ನಾಲ್ಕು ಗೆರೆ ಪುಸ್ತಕದಲ್ಲಿ ಬರೆಯುತ್ತಿದ್ದಾಗ ಗಾತ್ರ ಗೆರೆಯಿಂದಲೇ ಗೊತ್ತಾಗುತ್ತಿತ್ತು. ಒಂದು ಗೆರೆ ಪುಸ್ತಕಕ್ಕೆ ಬಂದ ಮೇಲೆ ಸಣ್ಣದು ದೊಡ್ಡದು ಒಂದೇ ಎತ್ತರಕ್ಕೆ ಬಂದಿತ್ತು. ಇದಕ್ಕೆ ವ್ಯಾಕರಣ ಪಾಠ ಮಾಡಿ ಏನೂ ಪ್ರಯೋಜನವಿಲ್ಲ. ಎಂಟನೇ ಕ್ಲಾಸಿನವರ ಕೈಗೆ ಮತ್ತೆ ನಾಲ್ಕು ಗೆರೆ ಹಾಳೆ ಕೊಟ್ಟೆ. ಸ್ವಲ್ಪ ನಾಚಿಕೊಂಡರು, "ಇದು ಚಿಕ್ಕ ಮಕ್ಕಳದು" ಅಂದರು. ದಿನಾ ಕ್ಲಾಸಿನ ಮೊದಲ ಐದು ನಿಮಿಷ ಅಷ್ಟೇ ಅಂತ ಒಪ್ಪಿಸಿದೆ. ಬಿ ಮತ್ತು ಡಿ ತೊಂದರೆ ಇದರಿಂದಲೇ ಬಹಳಷ್ಟು ಹೋಯಿತು.

ಮೂರನೆಯದು ನಿಜವಾದ ಬೇರು. ವಾಕ್ಯದ ಮೊದಲಕ್ಷರ ಕ್ಯಾಪಿಟಲ್ ಅನ್ನುವ ನಿಯಮ ಎಲ್ಲ ಮಕ್ಕಳಿಗೂ ಬಾಯಿಪಾಠ. ಆದರೆ ವಾಕ್ಯ ಎಲ್ಲಿ ಮುಗಿಯಿತು ಅಂತ ಗೊತ್ತಿಲ್ಲದವರಿಗೆ ಮುಂದಿನದು ಎಲ್ಲಿ ಶುರು ಅಂತ ಹೇಗೆ ಗೊತ್ತಾಗಬೇಕು? ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹಾಗಾಗಿ ಕಿವಿಗೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಅದು ಮಧ್ಯದಲ್ಲಿರುತ್ತದೆ. ನಮ್ಮ ಕಿವಿ ಕಾಯುವ ಗುರುತು ಅಲ್ಲಿ ಸಿಗುವುದೇ ಇಲ್ಲ.

ಅದಕ್ಕೆ ಕ್ರಮವನ್ನೇ ತಿರುಗಿಸಿದೆವು. ಕ್ಯಾಪಿಟಲ್ ಬಗ್ಗೆ ಮಾತೇ ಬೇಡ, ಮೊದಲು ಫುಲ್‌ಸ್ಟಾಪ್. ಇಬ್ಬಿಬ್ಬರು ಕೂರುವುದು. ಒಬ್ಬರು ಓದುವುದು, ಇನ್ನೊಬ್ಬರು ಪೆನ್ಸಿಲ್‌ನಿಂದ 'ಯಾರು' ಅನ್ನುವ ಪದಕ್ಕೆ ಒಂದು ಗೆರೆ, 'ಏನು ಮಾಡಿದರು' ಅಥವಾ 'ಏನಾಗಿದ್ದಾರೆ' ಅನ್ನುವ ಪದಕ್ಕೆ ಎರಡು ಗೆರೆ ಹಾಕುವುದು. ಹೊಸ 'ಯಾರು' ಬಂದ ಕೂಡಲೇ ಬೆಂಚು ತಟ್ಟುವುದು. ಅಲ್ಲಿ ನಿಂತು, ಹಿಂದಿನದು ಮುಗಿಯಿತಾ ಅಂತ ಇಬ್ಬರೂ ನೋಡುವುದು. ಎಲ್ಲ ವಾಕ್ಯಕ್ಕೂ ಇದು ಸಾಲುವುದಿಲ್ಲ, 'ಬಿಕಾಸ್' ತರಹದ ಪದ ಬಂದರೆ ಒಂದೇ ವಾಕ್ಯದಲ್ಲಿ ಇಬ್ಬರು 'ಯಾರು' ಇರುತ್ತಾರೆ. ಎಂಟನೇ ಕ್ಲಾಸಿನವರು ಬರೆಯುವ ಸಣ್ಣ ವಾಕ್ಯಗಳಿಗೆ ಮಾತ್ರ ಧಾರಾಳವಾಗಿ ಸಾಕು. ಇನ್ನೊಂದು ಲಾಭವೂ ಆಯಿತು. 'ಅವರ್ ಔಸ್ ನಿಯರ್ ಟೆಂಪಲ್' ಓದುವಾಗ ಎರಡು ಗೆರೆ ಹಾಕಲು ಪದವೇ ಇರಲಿಲ್ಲ. "ಮಿಸ್, ಇದ್ರಲ್ಲಿ ಎರಡ್ ಗೆರೆ ಇಲ್ಲ" ಅಂತ ಜೊತೆಗಾತಿಯೇ ಕೂಗಿದಳು. 'ಈಸ್' ಪಾಠ ಅಲ್ಲಿಂದ ಶುರುವಾಯಿತು.

ಹೆಸರುಗಳ ಕ್ಯಾಪಿಟಲ್‌ಗೆ ಊರನ್ನೇ ತೆಗೆದುಕೊಂಡೆವು. ಕಾವೇರಿಗೆ ದೊಡ್ಡಕ್ಷರ, ಸುಮ್ನೆ ರಿವರ್ ಅಂದರೆ ಸಣ್ಣದು. ಟೈಂಟೇಬಲ್ ನೋಡಿ ವಾಕ್ಯ ಬರೆಸಿದಾಗ ಜಾಸ್ತಿ ಚರ್ಚೆ ಆಯಿತು: ವಾಕ್ಯದ ಮಧ್ಯೆ ಮ್ಯಾಥ್ಸ್, ಸೈನ್ಸ್ ಸಣ್ಣಕ್ಷರದಲ್ಲಿ, ಕನ್ನಡ, ಇಂಗ್ಲಿಷ್, ಹಿಂದಿ ಮಾತ್ರ ದೊಡ್ಡಕ್ಷರದಲ್ಲಿ. ಭಾಷೆಯ ಹೆಸರು ಅಂತ ಕಾರಣ ಹೇಳಿದೆ. ಸೋಮವಾರಕ್ಕೆ ದೊಡ್ಡದು ಬೇಕು, ಬೇಸಿಗೆಗೆ ಬೇಡ ಅನ್ನುವುದಕ್ಕೆ ಅಂಥ ನೇರ ಕಾರಣ ಇಲ್ಲ, ರೂಢಿ ಅಷ್ಟೇ. ಇನ್ನೂರು ಮುನ್ನೂರು ವರ್ಷದ ಹಿಂದೆ ಇಂಗ್ಲಿಷಿನವರೇ ಕಂಡಕಂಡ ನಾಮಪದಕ್ಕೆಲ್ಲ ಕ್ಯಾಪಿಟಲ್ ಹಾಕುತ್ತಿದ್ದರು, ಜರ್ಮನ್ ಭಾಷೆಯಲ್ಲಿ ಈಗಲೂ ಹಾಕುತ್ತಾರೆ. ಇದನ್ನು ಹೇಳಿದಾಗ ಮಕ್ಕಳಿಗೆ ಒಂದು ರೀತಿ ನೆಮ್ಮದಿ ಆಯಿತು ಅನ್ನಿಸಿತು.

ಸ್ಪೆಲ್ಲಿಂಗ್: ಆಲು ಮತ್ತು ಹಾಲು

ಐ-ಎಸ್-ಕೆ-ಯು-ಎಲ್ ಅಂತ ಬರೆದ ಮಗು ಬಾಯಿಗೆ ಬಂದದ್ದು ಬರೆದಿದೆ ಅಂತ ಬೈಯುವುದು ಸುಲಭ. ನಿಜ ಏನೆಂದರೆ ಅದು ಕಿವಿಗೆ ಬಿದ್ದದ್ದನ್ನು ಅಚ್ಚುಕಟ್ಟಾಗಿ ಬರೆದಿದೆ. ಊರಲ್ಲಿ ಎಲ್ಲರೂ ಹೇಳುವುದು 'ಇಸ್ಕೂಲು' ಅಂತಲೇ. ಕನ್ನಡ ಕಲಿಯುವಾಗ ಹೇಳಿದಂತೆ ಬರೆ ಅಂತ ಹೇಳಿಕೊಟ್ಟಿದ್ದೇವೆ, ಅದನ್ನೇ ಮಾಡಿದೆ. ಮೊಟ್ಟೆಗೆ 'ಯೆಗ್' ಅಂತ ವೈ ಹಾಕುವುದು, ವಿ ಮತ್ತು ಡಬ್ಲ್ಯು ಅದಲುಬದಲು ಮಾಡುವುದು, ಎಲ್ಲವೂ ಇದೇ ಸಾಲಿನವು. ನಮ್ಮಲ್ಲಿ ಎರಡಕ್ಕೂ ಒಂದೇ 'ವ'.

ಅದಕ್ಕೇ ಸ್ಪೆಲ್ಲಿಂಗ್ ತಪ್ಪುಗಳನ್ನು ಮೂರು ಪಟ್ಟಿ ಮಾಡಿದೆವು. ಉಚ್ಚಾರಣೆಯಿಂದಲೇ ಬಂದವು ಒಂದು ಕಡೆ. ಇವಕ್ಕೆ ಬರೆಸುವುದಲ್ಲ, ಮೊದಲು ಬಾಯಿ ಸರಿಮಾಡುವುದು. ಕಲಿಯಬಲ್ಲ ನಿಯಮ ಇರುವವು ಇನ್ನೊಂದು ಕಡೆ: ಎಚ್-ಒ-ಪಿ ಹಾಪ್, ಕೊನೆಗೆ ಇ ಸೇರಿಸಿದರೆ ಹೋಪ್, ರನ್ ಪದಕ್ಕೆ ಇಂಗ್ ಸೇರಿದಾಗ ಎನ್ ಎರಡಾಗುವುದು. ಇವನ್ನು ಒಂದೊಂದು ಪದವಾಗಿ ಉರು ಹೊಡೆಸುವುದು ಸಮಯ ದಂಡ. ಮೂರನೆಯದರಲ್ಲಿ ನೆನಪೇ ಗತಿ ಇರುವವು: ಸೆಡ್, ಫ್ರೆಂಡ್, ಬಿಕಾಸ್, ವೆನ್ಸ್‌ಡೇ. ಇವಕ್ಕೆ ನೋಡು, ಮುಚ್ಚು, ಬರಿ, ತಾಳೆ ನೋಡು ಅನ್ನುವ ಹಳೇ ದಾರಿ. ವೆನ್ಸ್‌ಡೇಯನ್ನು ಮಕ್ಕಳು ತಾವಾಗೇ 'ವೆಡ್-ನೆಸ್-ಡೇ' ಅಂತ ಒಡೆದು ನೆನಪಿಟ್ಟುಕೊಂಡರು. ಬರೆಯುವಾಗ ಹಾಗೆ ಅಂದುಕೊಳ್ಳಲಿ, ಮಾತಾಡುವಾಗ ಸರಿಯಾಗಿ ಹೇಳಿದರೆ ಸಾಕು.

'ಟು' ಪದಕ್ಕೆ ಡಬ್ಲ್ಯು ಯಾಕೆ, ಕೇಳಿಸುವುದೇ ಇಲ್ಲವಲ್ಲ ಅಂತ ಆ ಹುಡುಗಿ ಕೇಳಿದಳು. ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಟ್ವೆಲ್ವ್, ಟ್ವೆಂಟಿ, ಟ್ವಿನ್ಸ್, ಟ್ವೈಸ್ ಅಂತ ಬೋರ್ಡ್ ಮೇಲೆ ಬರೆದೆ. "ಎಲ್ಲದ್ರಲ್ಲೂ ಎರಡು ಇದೆ!" ಅಂತ ಹಿಂದಿನ ಬೆಂಚಿನಿಂದ ಕೂಗು ಬಂತು. ಇವೆಲ್ಲ ಒಂದೇ ಮನೆಯವು. ಒಂದು ಕಾಲಕ್ಕೆ ಟು ಪದದಲ್ಲೂ ಆ ಡಬ್ಲ್ಯು ಬಾಯಲ್ಲಿ ಇತ್ತು. ನೈಫ್ ಪದದ ಕೆ ಕೂಡ ಇತ್ತು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ಮೇಲೆ ಬರವಣಿಗೆ ನಿಧಾನವಾಗಿ ಒಂದು ರೂಪಕ್ಕೆ ನಿಲ್ಲತೊಡಗಿತು. ಬಾಯಿ ಮಾತ್ರ ಬದಲಾಗುತ್ತಲೇ ಹೋಯಿತು.

ಇದನ್ನು ಮಕ್ಕಳಿಗೆ ಮುಟ್ಟಿಸಿದ್ದು ಕನ್ನಡದ ಉದಾಹರಣೆ. ಹಳಗನ್ನಡದಲ್ಲಿ ಪಾಲು, ಪುಲಿ, ಪೂ. ನಮ್ಮವರ ಬಾಯಲ್ಲಿ ಪ ಹೋಗಿ ಹ ಬಂದಾಗ ಬರವಣಿಗೆಯನ್ನೂ ಬದಲಾಯಿಸಿಕೊಂಡೆವು: ಹಾಲು, ಹುಲಿ, ಹೂ. ಇಂಗ್ಲಿಷಿನವರು ಹಾಗೆ ಮಾಡಲಿಲ್ಲ. ಅಷ್ಟು ಹೇಳಿ, "ಈಗ ನಮ್ಮೂರಲ್ಲಿ ಹಾಲಿಗೆ ಏನಂತೀರಿ?" ಅಂದೆ. ಕ್ಲಾಸೆಲ್ಲ "ಆಲು!" ಅಂತು. "ಬರೆಯೋದು?" "ಹಾಲು!" ಒಂದು ಕ್ಷಣ ಬಿಟ್ಟು ಎಲ್ಲರೂ ನಕ್ಕರು. ಹೇಳದೇ ಬರೆಯುವ ಅಕ್ಷರ ಅವರ ಕೈಯಲ್ಲೇ ಇದೆ. ದಿನಾ ಬರೆಯುತ್ತಾರೆ. ಅಕ್ಕಿಗೂ ಹಕ್ಕಿಗೂ ಕನ್ನಡ ಮೇಷ್ಟ್ರ ಹತ್ತಿರ ಬೈಸಿಕೊಳ್ಳುವ ಇದೇ ಮಕ್ಕಳಿಗೆ ಸೈಲೆಂಟ್ ಲೆಟರ್ ಅನ್ನುವುದು ಇಂಗ್ಲಿಷಿನ ಮಾಟಮಂತ್ರ ಅಲ್ಲ ಅಂತ ಆವತ್ತು ಗೊತ್ತಾಯಿತು. ಆ ಹುಡುಗಿಯ 'ಔಸ್' ಯಾವ ಪಟ್ಟಿಗೆ ಸೇರಬೇಕು ಅಂತ ಅವಳೇ ಹೇಳಿದಳು: ಮೊದಲ ಪಟ್ಟಿ.

ಮಂಡ್ಯ ಕಡೆಯ ಮಕ್ಕಳ ಮಾತನ್ನು ಹಳ್ಳಿ ಭಾಷೆ, ಅಶುದ್ಧ ಅಂತ ಹೀಯಾಳಿಸುವವರು ಇದ್ದಾರೆ. ಅದನ್ನು ಕೇಳಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ. ಆ ಮಾತನ್ನು ಬಳಸಿಕೊಂಡೇ ನಾನು ಇಂಗ್ಲಿಷ್ ಸ್ಪೆಲ್ಲಿಂಗ್ ಕಲಿಸಿದ್ದೇನೆ.

'ಹಿ' ಒಪ್ಪಿಸಿದ ಕಥೆ

ಅಪ್ಪನಿಗೆ 'ಹಿ' ಬಳಸಲು ಅವಳು ಸುಲಭಕ್ಕೆ ಒಪ್ಪಲಿಲ್ಲ. ಇಂಗ್ಲಿಷಿನಲ್ಲಿ ಆ ಪದಕ್ಕೆ ಮರ್ಯಾದೆಯೂ ಇಲ್ಲ, ಅವಮರ್ಯಾದೆಯೂ ಇಲ್ಲ ಅಂತ ಹೇಳಿದೆ. ತಲೆ ಆಡಿಸಿದಳು, ಮಾರನೇ ದಿನ ಮತ್ತೆ 'ದೇ'. ಕೊನೆಗೆ ಗಾಂಧೀಜಿಯ ಬಗ್ಗೆ ಇದ್ದ ಒಂದು ಇಂಗ್ಲಿಷ್ ಪ್ಯಾರಾ ಕೊಟ್ಟು 'ಹಿ' ಇರುವ ಕಡೆಯೆಲ್ಲ ಗುರುತು ಹಾಕಲು ಹೇಳಿದೆ. ಗಾಂಧೀಜಿಗೇ ನಡೆಯುತ್ತೆ ಅಂದಮೇಲೆ ಅಪ್ಪನಿಗೂ ನಡೆಯುತ್ತೆ ಅಂತ ತೀರ್ಮಾನ ಮಾಡಿದಳು. ಅಜ್ಜಿಗೆ 'ಶಿ' ಬರಲು ಇನ್ನೂ ಕೆಲವು ವಾರ ಹಿಡಿಯಿತು.

'ಹಿ' ಬಂದ ಮೇಲೆ 'ಗೆಟ್ಸ್', 'ಗೋಸ್' ಕಡೆಯ ಎಸ್ ಬರಬೇಕಲ್ಲ. ಇಲ್ಲಿ ಕನ್ನಡ ನಮ್ಮ ಪರ. ಬರ್ತೀನಿ, ಬರ್ತೀಯ, ಬರ್ತಾನೆ, ಬರ್ತಾಳೆ, ಬರ್ತಾರೆ ಅಂತ ಪ್ರತಿಯೊಬ್ಬರಿಗೂ ಬಾಲ ಬದಲಿಸುವ ಮಕ್ಕಳು ಇವರು. ಇಂಗ್ಲಿಷಿನವರು ಬದಲಿಸುವುದು ಒಂದೇ ಕಡೆ. "ಇಷ್ಟೇನಾ?" ಅಂದರು. ಆದರೂ ಹೊಸ ತಪ್ಪು ಹುಟ್ಟಿತು. 'ಈಸ್' ಮತ್ತು ಎಸ್ ಎರಡನ್ನೂ ಒಟ್ಟಿಗೆ ಕಲಿತವರು 'ಹಿ ಈಸ್ ಗೋಸ್' ಅಂತ ಬರೆಯತೊಡಗಿದರು. ಇದು ಕೆಟ್ಟ ಲಕ್ಷಣ ಅಲ್ಲ, ಕಲಿಯುತ್ತಿರುವುದರ ಗುರುತು. ಪೆನ್ಸಿಲ್ ಆಟದ ಎರಡು ಗೆರೆಯನ್ನೇ ಮತ್ತೆ ತೆಗೆದೆ. ಸದ್ಯಕ್ಕೆ ಒಂದು 'ಯಾರು'ಗೆ ಇವೆರಡರಲ್ಲಿ ಒಂದೇ ಸಾಕು.

ತಿದ್ದುವ ಕ್ರಮ, ಮತ್ತು ಅದಕ್ಕೆ ಬಂದ ಆಕ್ಷೇಪ

ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ನೋಡುವುದು ಅಂತ ಇಟ್ಟುಕೊಂಡೆವು. ಆ ತಪ್ಪು ಇರುವ ಸಾಲಿನ ಪಕ್ಕ ಮಾರ್ಜಿನ್‌ನಲ್ಲಿ ಒಂದು ಚುಕ್ಕಿ. ಎಲ್ಲಿ, ಏನು ಅಂತ ಹುಡುಕುವುದು ಮಗುವಿನ ಕೆಲಸ. ಉಳಿದ ತಪ್ಪುಗಳನ್ನು ಮುಟ್ಟುವುದಿಲ್ಲ.

ಇದು ಕೆಲವು ಪೋಷಕರಿಗೆ ಹಿಡಿಸಲಿಲ್ಲ. ಒಬ್ಬರು ನೋಟ್‌ಬುಕ್ ಹಿಡಿದು ಬಂದೇಬಿಟ್ಟರು: "ಇಷ್ಟೊಂದು ತಪ್ಪವೆ, ನೀವು ತಿದ್ದೇ ಇಲ್ವಲ್ಲ ಮೇಡಂ?" ಅವರು ಕೇಳಿದ್ದು ನ್ಯಾಯ. ತಿದ್ದದೇ ಸಹಿ ಹಾಕಿದ ಪುಟ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆವತ್ತಿನಿಂದ ಪುಟದ ಮೇಲ್ಗಡೆ ತಾರೀಖಿನ ಜೊತೆ 'ಈ ಸಲ ಫುಲ್‌ಸ್ಟಾಪ್ ಮತ್ತು ಕ್ಯಾಪಿಟಲ್ ಮಾತ್ರ ನೋಡಿದೆ' ಅಂತ ಕನ್ನಡದಲ್ಲೇ ಬರೆಯಲು ಶುರು ಮಾಡಿದೆ. ಆಮೇಲೆ ಯಾರೂ ಕೇಳಲಿಲ್ಲ. ಬದಲಿಗೆ ಮನೆಯಲ್ಲಿ ಅಕ್ಕಂದಿರು, ಅಣ್ಣಂದಿರು ಆ ಒಂದನ್ನೇ ನೋಡಿ ಕಳಿಸಲು ಶುರು ಮಾಡಿದರು.

ತಿದ್ದಬೇಕೋ ಬೇಡವೋ ಅನ್ನುವ ಜಗಳ ದೊಡ್ಡದು. ಎರಡನೇ ಭಾಷೆಯ ಬರವಣಿಗೆಯಲ್ಲಿ ವ್ಯಾಕರಣ ತಿದ್ದುವುದನ್ನು ಬಿಟ್ಟೇಬಿಡಬೇಕು ಅಂತ ಜಾನ್ ಟ್ರಸ್ಕಾಟ್ 1996ರಲ್ಲಿ ವಾದಿಸಿದರು. 1999ರಲ್ಲಿ ಡೇನಾ ಫೆರಿಸ್ ಅದಕ್ಕೆ ಉತ್ತರ ಕೊಟ್ಟು, ಆರಿಸಿ, ಸ್ಪಷ್ಟವಾಗಿ ತಿದ್ದಿದರೆ ಕೆಲವರಿಗಾದರೂ ಉಪಯೋಗವಾಗುತ್ತದೆ ಅಂದರು. ನಮ್ಮ ಕ್ಲಾಸಿನಲ್ಲಿ ಕಂಡದ್ದನ್ನು ನೋಡಿದರೆ ನಾನು ಫೆರಿಸ್ ಕಡೆ. ಆದರೆ ಟ್ರಸ್ಕಾಟ್ ಮಾತಿನಲ್ಲೂ ಹುರುಳಿದೆ. ಅಭ್ಯಾಸದ ಹಾಳೆಯಲ್ಲಿ ಒಂದೂ ತಪ್ಪು ಮಾಡದ ಮಕ್ಕಳು, ಸ್ವಂತ ವಿಷಯ ಬರೆಯಲು ಕೂತಾಗ ಹಳೇ ದಾರಿಗೆ ಜಾರುವುದನ್ನು ವರ್ಷವಿಡೀ ನೋಡಿದೆ. ಅದಕ್ಕೇ ಅಭ್ಯಾಸದ ಹಾಳೆ ಕಡಿಮೆ ಮಾಡಿ, ಸ್ವಂತ ಬರವಣಿಗೆ ಜಾಸ್ತಿ ಮಾಡಿದೆ. ತಾವು ಬರೆದದ್ದನ್ನು ತಾವೇ ಮೂರು ಸಲ ಓದಬೇಕು: ಒಂದು ಸಲ ಫುಲ್‌ಸ್ಟಾಪ್‌ಗೆ, ಒಂದು ಸಲ ಎರಡು ಗೆರೆಗೆ, ಒಂದು ಸಲ ಸ್ಪೆಲ್ಲಿಂಗ್‌ಗೆ. ಮೂರನ್ನೂ ಒಂದೇ ಸಲ ಹುಡುಕು ಅಂದರೆ ಯಾವುದೂ ಕಾಣುವುದಿಲ್ಲ.

ವರ್ಷದ ಕೊನೆಗೆ ಎಲ್ಲರೂ ರಜೆ ಪತ್ರ ಬರೆದರು. ಎಸ್ಸೆಸ್ಸೆಲ್ಸಿಯಲ್ಲಿ ಹೇಗೂ ಪತ್ರ ಬರೆಯುವ ಪ್ರಶ್ನೆ ಇರುತ್ತದೆ, ಈಗಿನಿಂದಲೇ ಕೈ ಪಳಗಲಿ ಅಂತ. ಆ ಹುಡುಗಿಯ ಪತ್ರದಲ್ಲಿ ವಾಕ್ಯಗಳು ಬೇರೆ ಬೇರೆ ನಿಂತಿದ್ದವು. ಪ್ರತಿ ವಾಕ್ಯಕ್ಕೂ ಕ್ಯಾಪಿಟಲ್ ಇತ್ತು, ಐ ದೊಡ್ಡದಿತ್ತು, ಸೋಮವಾರಕ್ಕೂ ಊರಿಗೂ ದೊಡ್ಡಕ್ಷರ ಇತ್ತು. 'ಮೈ ಗ್ರಾಂಡ್‌ಮದರ್ ಈಸ್ ನಾಟ್ ವೆಲ್' ಅಂತ ಬರೆದಿದ್ದಳು. ಸ್ಕೂಲ್ ಸರಿ, ಹೌಸ್ ಸರಿ. 'ಹಾಸ್ಪಿಟಲ್' ತಪ್ಪು, ಎಲ್ ಎರಡು ಹಾಕಿದ್ದಳು. ಎ, ಆ್ಯನ್, ದಿ ಒಂದೂ ಇರಲಿಲ್ಲ.

ಆರ್ಟಿಕಲ್‌ಗಳನ್ನು ನಾನು ಆ ವರ್ಷ ಬೇಕಂತಲೇ ಮುಟ್ಟಲಿಲ್ಲ. ಕನ್ನಡದಲ್ಲಿ ಅದಕ್ಕೆ ಸರಿಜೋಡಿ ಇಲ್ಲ. 'ಎ ಫಾರ್ಮರ್' ಬದಲು 'ಫಾರ್ಮರ್' ಅಂತ ಬರೆದರೂ ಓದುವವರಿಗೆ ಅರ್ಥವಾಗುತ್ತದೆ. ವಾಕ್ಯವೇ ನಿಲ್ಲದ ಪುಟದಲ್ಲಿ ಅದು ಮೊದಲ ಕೆಲಸ ಅಲ್ಲ. ಕ್ಲಾಸಿನಲ್ಲಿ ಕೆಲವರಿಗೆ ವಾಕ್ಯದ ಗಡಿ ಇನ್ನೂ ಗಟ್ಟಿಯಾಗಿಲ್ಲ, ಬಹಳ ದಿನ ಶಾಲೆ ತಪ್ಪಿಸಿದವರಿಗಂತೂ ಮೊದಲಿನಿಂದ ಶುರು ಮಾಡಬೇಕು.

ಒಂಬತ್ತಕ್ಕೂ ಇದೇ ಮಕ್ಕಳು ನನ್ನ ಹತ್ತಿರವೇ ಇರುತ್ತಾರೆ. ಪ್ರತಿಯೊಬ್ಬರ ಮೂರು ಪಟ್ಟಿಯೂ ಅವರವರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದೆ, ಹೊಸ ಪುಸ್ತಕಕ್ಕೆ ಅದನ್ನು ಬರೆದುಕೊಂಡು ಬರಲು ಹೇಳಿದ್ದೇನೆ. ಜೂನ್‌ನಲ್ಲಿ ಮೊದಲು ತೆಗೆದುಕೊಳ್ಳುವುದು ಭೂತಕಾಲ, ಅದೂ ನಿನ್ನೆ ಮನೆಯಲ್ಲಿ ಏನೇನಾಯಿತು ಅಂತ ಅವರೇ ಬರೆದ ಪುಟಗಳಿಂದ. ಆರ್ಟಿಕಲ್ ಅದಾದ ಮೇಲೆ.